ರಾಜ್ಯ ಲಾಟರಿಯ ಲಾಭ-ನಷ್ಟ ಅಳೆಯುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಬಳ್ಳಾರಿ, ಕೊಪ್ಪಳ, ರಾಯಚೂರಿನ ಬಿ.ಕಾಂ., ಅರ್ಥಶಾಸ್ತ್ರ ವಿದ್ಯಾರ್ಥಿಗಳು, ಕೆಪಿಎಸ್‌ಸಿ ಪರೀಕ್ಷೆಗೆ ಓದುವವರು ಮತ್ತು ಬಜೆಟ್ ದಿನ ಪತ್ರಿಕೆ ಹಿಡಿದು ವಾದಕ್ಕೆ ಕೂರುವ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಮಾಡಿದೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇವೆ. ಉದಾಹರಣೆಗಳು ಹೆಚ್ಚಾಗಿ ಕೇರಳದವು. ಅಲ್ಲಿ ಸರ್ಕಾರವೇ ಇಲಾಖೆ ಕಟ್ಟಿಕೊಂಡು 1967ರಿಂದ ಲಾಟರಿ ನಡೆಸುತ್ತಿದೆ, ಲೆಕ್ಕವೂ ಸಾರ್ವಜನಿಕವಾಗಿ ಸಿಗುತ್ತದೆ. "ಊಹೆಯ ಲೆಕ್ಕ" ಎಂದು ಬರೆದ ಕಡೆ ಅಂಕಿಗಳು ವಿಧಾನ ತೋರಿಸಲು ಇಟ್ಟವು.

## ಮೊದಲು ತಿಳಿಯಬೇಕಾದ್ದು

ಕೇರಳಕ್ಕ ಲಾಟರಿಯಿಂದ ವರ್ಷಕ್ಕ ಹತ್ತು ಸಾವಿರ ಕೋಟಿ ಬರ್ತೈತಂತಲ್ರಿ, ಖರೇನಾ?

ಹತ್ತು ಸಾವಿರ ಕೋಟಿ ಎಂಬುದು ಟಿಕೆಟ್ ಮಾರಾಟದ ಮೊತ್ತ. 2019-20ರಲ್ಲಿ ಕೇರಳದ ಮಾರಾಟ ಸುಮಾರು 9,970 ಕೋಟಿ ರೂಪಾಯಿ ಇತ್ತು. ಅದರಲ್ಲಿ ಬಹುಮಾನ, ಏಜೆಂಟರ ಕಮಿಷನ್, ಮುದ್ರಣ, ಜಾಹೀರಾತು, ಸಂಬಳ ಎಲ್ಲ ಕಳೆದ ಮೇಲೆ ಉಳಿದದ್ದು ಸುಮಾರು 1,760 ಕೋಟಿ. ಅಂದರೆ ನೂರು ರೂಪಾಯಿ ಮಾರಾಟಕ್ಕೆ ಹದಿನೇಳು-ಹದಿನೆಂಟು ರೂಪಾಯಿ.

ರಾಯಚೂರು ಎಪಿಎಂಸಿಯಲ್ಲಿ ಅಡತಿ ಅಂಗಡಿಯವರ ಕೈಯಲ್ಲಿ ಹತ್ತಿ ಸೀಸನ್ನಿಗೆ ಕೋಟಿಗಟ್ಟಲೆ ಹಣ ಓಡಾಡುತ್ತದೆ, ಆದರೆ ಅವರ ಆದಾಯ ಅದರಲ್ಲಿ ಸಿಗುವ ಕಮಿಷನ್ ಮಾತ್ರ. ಲಾಟರಿ ಮಾರಾಟವನ್ನೂ ಹಾಗೆಯೇ ನೋಡಬೇಕು. ತೊಂದರೆ ಏನೆಂದರೆ, ಸರ್ಕಾರದ ಲೆಕ್ಕದಲ್ಲಿ ಪೂರ್ತಿ ಮಾರಾಟ "ತೆರಿಗೆಯೇತರ ಆದಾಯ"ದ ಕೆಳಗೆ ಬರುತ್ತದೆ, ಬಹುಮಾನ ಮತ್ತು ಕಮಿಷನ್ ಬೇರೆ ಕಡೆ ಖರ್ಚಾಗಿ ಬರುತ್ತವೆ. ಹಾಗಾಗಿ ಆ ವರ್ಷ ಕೇರಳದ ತೆರಿಗೆಯೇತರ ಆದಾಯದ ಐದರಲ್ಲಿ ನಾಲ್ಕು ಪಾಲು ಲಾಟರಿಯದೇ ಎಂದು ಕಾಣುತ್ತದೆ. ಆದಾಯದ ಪುಟ ಮಾತ್ರ ಓದಿದವರು ಮೋಸ ಹೋಗುವುದು ಇಲ್ಲೇ.

ಕರ್ನಾಟಕದಾಗ ಲಾಟರಿನೇ ಇಲ್ಲ, ಮತ್ತ ನಾವ್ಯಾಕ ಈ ಲೆಕ್ಕ ಕಲೀಬೇಕ್ರಿ?

ಕರ್ನಾಟಕ 2007ರಲ್ಲಿ, ಎಚ್.ಡಿ. ಕುಮಾರಸ್ವಾಮಿ ಮುಖ್ಯಮಂತ್ರಿಯಾಗಿದ್ದಾಗ, ಎಲ್ಲ ಲಾಟರಿಗಳನ್ನೂ ನಿಷೇಧಿಸಿತು. ತಮಿಳುನಾಡು ಅದಕ್ಕೂ ಮೊದಲೇ, 2003ರಲ್ಲಿ ನಿಲ್ಲಿಸಿತ್ತು. ಆದರೂ ಬೊಕ್ಕಸದಲ್ಲಿ ಹಣ ಸಾಲದ ಮಾತು ಬಂದಾಗಲೆಲ್ಲ "ಕೇರಳದಂತೆ ನಾವೂ ಲಾಟರಿ ಮಾಡಬಾರದೇಕೆ" ಎಂಬ ಪ್ರಶ್ನೆ ಏಳುತ್ತದೆ. ಹೌದು ಎನ್ನುವವರೂ ಬೇಡ ಎನ್ನುವವರೂ ಹೆಚ್ಚಾಗಿ ತಪ್ಪು ಅಂಕಿ ಹಿಡಿದೇ ವಾದಿಸುತ್ತಾರೆ. ನಾಳೆ ಯಾರಾದರೂ ವಿಧಾನಸೌಧದಲ್ಲಿ ಒಂದು ಅಂಕಿ ಹೇಳಿದರೆ ಅದು ಮಾರಾಟವೋ ಉಳಿಕೆಯೋ ಎಂದು ಕೇಳುವಷ್ಟಾದರೂ ನಮ್ಮ ಜನಕ್ಕೆ ಗೊತ್ತಿರಬೇಕು.

ನಮ್ ಕಡೆ ಓಸಿ, ಮಟ್ಕಾ ಬರೀತಾರಲ್ಲ, ಅದೂ ಲಾಟರಿನೇ ಅಲ್ಲೇನು? ಆ ರೊಕ್ಕ ಸರ್ಕಾರಕ್ಕ ಬಂದ್ರ ಒಳ್ಳೇದಲ್ಲ?

ಮಟ್ಕಾ ಶುದ್ಧ ಜೂಜು. ಕರ್ನಾಟಕ ಪೊಲೀಸ್ ಕಾಯ್ದೆ 1963ರ ಕಲಂ 78(3)ರ ಅಡಿ ಕೇಸು ಬೀಳುತ್ತದೆ. ಸರ್ಕಾರ ಮಟ್ಕಾ ಥರದ ಆಟ ನಡೆಸುವಂತೆಯೂ ಇಲ್ಲ: ಒಂದಂಕಿಯ ಮೇಲೆ ಅಥವಾ ಮೊದಲೇ ಹೇಳಿದ ನಂಬರಿನ ಮೇಲೆ ಬಹುಮಾನ ಇಡಬಾರದು ಎಂದು ಕೇಂದ್ರದ ಲಾಟರಿ (ನಿಯಂತ್ರಣ) ಕಾಯ್ದೆ 1998ರ 4ನೇ ಕಲಂ ಹೇಳುತ್ತದೆ. ಬೆಳಿಗ್ಗೆ ಬರೆದು ಸಂಜೆ ಫಲ ನೋಡುವ ಚಟ ಹತ್ತಿದವರು ವಾರದ ಕಾಗದದ ಟಿಕೆಟ್ಟಿಗೆ ಬಂದೇ ಬರುತ್ತಾರೆ ಎನ್ನಲು ಆಧಾರವಿಲ್ಲ. ಆದ್ದರಿಂದ ಆದಾಯದ ಅಂದಾಜಿನಲ್ಲಿ ಮಟ್ಕಾ ಹಣವನ್ನು "ನಮಗೆ ಬರಬಹುದಾದ ಮಾರಾಟ" ಎಂದು ಸೇರಿಸಬೇಡಿ.

ವಾಟ್ಸಾಪ್‌ನಾಗ ಕೇರಳ ಲಾಟರಿ ಟಿಕೆಟ್ ಅಂತ ಬರ್ತಾವಲ್ಲ, ಅವು ಇಲಾಖೆ ಲೆಕ್ಕದಾಗ ಸೇರ್ತಾವೇನು?

ಇಲ್ಲ. ಕೇರಳ ಲಾಟರಿ ಇಲಾಖೆ ಮಾರುವುದು ಕಾಗದದ ಟಿಕೆಟ್ ಮಾತ್ರ. ಫೋನಿಗೆ ಬರುವ ಟಿಕೆಟ್ ಫೋಟೋ, "ನಿಮಗೆ ಬಹುಮಾನ ಬಂದಿದೆ, ಮೊದಲು ಜಿಎಸ್‌ಟಿ ಕಟ್ಟಿ" ಎಂಬ ಸಂದೇಶ ಎಲ್ಲ ಮೋಸ. ಹಣ ಕಳಿಸಿಬಿಟ್ಟಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಒಂದು ಟಿಕೆಟ್ಟಿನ 50 ರೂಪಾಯಿ ಯಾರ್ಯಾರಿಗೆ ಹೋಗ್ತೈತಿ?

ಐದು ಕಡೆ. ಜಿಎಸ್‌ಟಿ, ಬಹುಮಾನ, ಏಜೆಂಟ್ ಮತ್ತು ಚಿಲ್ಲರೆ ಮಾರಾಟಗಾರರ ಕಮಿಷನ್, ಆಡಳಿತ ಖರ್ಚು, ಕೊನೆಗೆ ಉಳಿಕೆ.

ಜಿಎಸ್‌ಟಿ ಲೆಕ್ಕದಲ್ಲಿ ಬಹಳ ಮಂದಿ ಎಡವುತ್ತಾರೆ. ದರ ಶೇ. 40 ಅಂದ ತಕ್ಷಣ 50ಕ್ಕೆ 20 ರೂಪಾಯಿ ಎಂದು ಬರೆಯುತ್ತಾರೆ. ಟಿಕೆಟ್ ಮೇಲೆ ಮುದ್ರಿಸಿದ ಬೆಲೆಯೊಳಗೇ ತೆರಿಗೆ ಸೇರಿರುತ್ತದೆ. ಹಾಗಾಗಿ 50 × 40 ÷ 140 = 14 ರೂಪಾಯಿ 29 ಪೈಸೆ. ಅದರಲ್ಲಿ ಅರ್ಧ, 7.14 ರೂಪಾಯಿ ಕೇಂದ್ರಕ್ಕೆ; ಇನ್ನರ್ಧ ಲಾಟರಿ ನಡೆಯುವ ರಾಜ್ಯಕ್ಕೆ. ಈ ರಾಜ್ಯದ ಪಾಲು ಲಾಟರಿ ಇಲಾಖೆಯ ಲೆಕ್ಕದಲ್ಲಿ ಕಾಣುವುದಿಲ್ಲ, ರಾಜ್ಯ ಜಿಎಸ್‌ಟಿ ಲೆಕ್ಕಕ್ಕೆ ಹೋಗಿ ಸೇರುತ್ತದೆ. ಇದನ್ನು ಮರೆತರೆ ರಾಜ್ಯದ ಗಳಿಕೆ ಇದ್ದದ್ದಕ್ಕಿಂತ ಕಡಿಮೆ ಕಾಣುತ್ತದೆ.

25 ಕೋಟಿ ಬಂಪರ್ ಹೊಡೆದವರಿಗೆ ಕೈಗೆ ಎಷ್ಟು ಸಿಗ್ತೈತಿ? ಆ ತೆರಿಗೆ ಕೇರಳಕ್ಕ ಹೋಗ್ತೈತೇನು?

2024ರ ಓಣಂ ಬಂಪರ್ ಮಂಡ್ಯ ಜಿಲ್ಲೆಯವರಿಗೆ ಬಂದ ಮೇಲೆ ಈ ಪ್ರಶ್ನೆ ಜಾಸ್ತಿಯಾಗಿದೆ. 25 ಕೋಟಿಯಲ್ಲಿ ಟಿಕೆಟ್ ಮಾರಿದ ಏಜೆಂಟರಿಗೆ ಶೇ. 10, ಅಂದರೆ ಎರಡೂವರೆ ಕೋಟಿ ಹೋಗುತ್ತದೆ. ಉಳಿದ 22.5 ಕೋಟಿಯಲ್ಲಿ ಶೇ. 30 ಟಿಡಿಎಸ್ (ಹಣ ಕೊಡುವಾಗಲೇ ಮುರಿದುಕೊಳ್ಳುವ ಆದಾಯ ತೆರಿಗೆ), 6.75 ಕೋಟಿ. ಆಗ 15.75 ಕೋಟಿ ಖಾತೆಗೆ ಬರುತ್ತದೆ. ಬಹಳ ಜನ ಇಲ್ಲಿಗೆ ಲೆಕ್ಕ ಮುಗಿಯಿತೆಂದು ಖರ್ಚಿಗೆ ಇಳಿಯುತ್ತಾರೆ. ರಿಟರ್ನ್ ಸಲ್ಲಿಸುವಾಗ ತೆರಿಗೆಯ ಮೇಲೆ ಮತ್ತೆ ಹಾಕುವ ಸರ್ಚಾರ್ಜ್ ಮತ್ತು ಶೇ. 4 ಸೆಸ್ ಬಾಕಿ ಇರುತ್ತದೆ. ಐದು ಕೋಟಿ ದಾಟಿದ ಆದಾಯಕ್ಕೆ ಸರ್ಚಾರ್ಜ್ ಹಳೆ ತೆರಿಗೆ ಪದ್ಧತಿಯಲ್ಲಿ ಶೇ. 37, ಹೊಸ ಪದ್ಧತಿಯಲ್ಲಿ ಶೇ. 25. ಎಲ್ಲ ಕಳೆದರೆ ಹಳೆಯದರಲ್ಲಿ ಸುಮಾರು 12.88 ಕೋಟಿ, ಹೊಸದರಲ್ಲಿ ಸುಮಾರು 13.72 ಕೋಟಿ ಉಳಿಯುತ್ತದೆ.

ಈ ಆದಾಯ ತೆರಿಗೆ ಕೇಂದ್ರದ್ದು. ಮೂಲ ತೆರಿಗೆ ಎಲ್ಲ ರಾಜ್ಯಗಳಿಗೆ ಹಂಚುವ ರಾಶಿಗೆ ಸೇರುತ್ತದೆ, ಸರ್ಚಾರ್ಜ್ ಮತ್ತು ಸೆಸ್ ಹಂಚಿಕೆಗೆ ಬರುವುದಿಲ್ಲ. ಆದ್ದರಿಂದ ಕೇರಳ ಲಾಟರಿಯ ಗಳಿಕೆ ಬರೆಯುವಾಗ ಬಹುಮಾನದ ಮೇಲಿನ ಆದಾಯ ತೆರಿಗೆಯನ್ನು ಸೇರಿಸಬಾರದು.

## ಲೆಕ್ಕ ಓದುವವರಿಗೆ

ಪ್ರಾಜೆಕ್ಟ್ ಮಾಡಬೇಕು ಸರ್, ಅಂಕಿ-ಅಂಶ ಎಲ್ಲಿ ಸಿಗುತ್ತೆ?

ಪತ್ರಿಕೆಯ ಸುದ್ದಿಯಿಂದ ಅಂಕಿ ಎತ್ತಬೇಡಿ. ಸರ್ಕಾರಗಳ ಲೆಕ್ಕ ಪರಿಶೋಧಿಸುವ ಸಿಎಜಿ ಪ್ರತಿ ರಾಜ್ಯಕ್ಕೂ ವರ್ಷವರ್ಷ ಪ್ರಕಟಿಸುವ ಫೈನಾನ್ಸ್ ಅಕೌಂಟ್ಸ್ (ಹಣಕಾಸು ಲೆಕ್ಕ) ಎರಡನೇ ಸಂಪುಟ ತೆಗೆಯಿರಿ, ಜಾಲತಾಣದಲ್ಲಿ ಉಚಿತ. ಅದರ 14ನೇ ಪಟ್ಟಿಯಲ್ಲಿ ಆದಾಯ: ಲೆಕ್ಕ ಶೀರ್ಷಿಕೆ 0075, "ಇತರೆ ಸಾಮಾನ್ಯ ಸೇವೆಗಳು", ಅದರ ಕೆಳಗೆ 103, ರಾಜ್ಯ ಲಾಟರಿ. 15ನೇ ಪಟ್ಟಿಯಲ್ಲಿ ಖರ್ಚು: 2075, ಅಲ್ಲೂ 103. ಈ ಎರಡರ ವ್ಯತ್ಯಾಸವೇ ನಿಮ್ಮ ಮೊದಲ ಉಳಿಕೆ. ಶೀರ್ಷಿಕೆ ಸಂಖ್ಯೆಗಳು ಎಲ್ಲ ರಾಜ್ಯಗಳಿಗೂ ಒಂದೇ ಆದ್ದರಿಂದ ಕೇರಳದ ಪಕ್ಕದಲ್ಲಿ ಮಹಾರಾಷ್ಟ್ರ, ಪಂಜಾಬ್ ಇಟ್ಟು ನೋಡುವುದೂ ಸುಲಭ.

ಕನಿಷ್ಠ ಐದು ವರ್ಷ ತೆಗೆದುಕೊಳ್ಳಿ. ಬಹುಮಾನ ಎಷ್ಟು, ಕಮಿಷನ್ ಎಷ್ಟು, ಜಾಹೀರಾತು ಎಷ್ಟು ಎಂಬ ಬಿಡಿ ವಿವರ ರಾಜ್ಯ ಬಜೆಟ್‌ನ ಬೇಡಿಕೆವಾರು ಪುಸ್ತಕಗಳಲ್ಲಿರುತ್ತದೆ. ಅಲ್ಲೂ ಸಿಗದಿದ್ದರೆ ಮಾಹಿತಿ ಹಕ್ಕಿನಡಿ ಕೇಳಿ. ಕೇರಳದ ಇಲಾಖೆಗೆ ಕೊಪ್ಪಳದಿಂದ ಅರ್ಜಿ ಹಾಕಲು ಅಡ್ಡಿಯಿಲ್ಲ, ಭಾರತದ ಪ್ರಜೆಯಾಗಿದ್ದರೆ ಸಾಕು. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. "ಲಾಟರಿಯ ಸಂಪೂರ್ಣ ಮಾಹಿತಿ ಕೊಡಿ" ಎಂದು ಬರೆದರೆ ಏನೂ ಕೈಗೆ ಬರುವುದಿಲ್ಲ. ವರ್ಷ, ಲಾಟರಿಯ ಹೆಸರು, ಮುದ್ರಿಸಿದ ಟಿಕೆಟ್, ಮಾರಿದ ಟಿಕೆಟ್, ಘೋಷಿಸಿದ ಬಹುಮಾನ, ಕೊಟ್ಟ ಬಹುಮಾನ, ಕೇಳದೇ ಉಳಿದ ಬಹುಮಾನ ಎಂದು ಕಾಲಂ ಹಾಕಿ ಕೇಳಿ.

ಇಲಾಖೆ ಹೇಳೋ ಅಂಕಿಗೂ ಸಿಎಜಿ ಅಂಕಿಗೂ ತಾಳೆ ಆಗ್ತಿಲ್ಲ. ಯಾವುದು ಸುಳ್ಳು?

ಹೆಚ್ಚಿನ ಸಲ ಯಾವುದೂ ಸುಳ್ಳಲ್ಲ. ಸರ್ಕಾರದ ಲೆಕ್ಕ ನಡೆಯುವುದು ನಗದಿನ ಆಧಾರದ ಮೇಲೆ: ಹಣ ಬಂದ ದಿನ ಆದಾಯ, ಕೊಟ್ಟ ದಿನ ಖರ್ಚು. ಮಾರ್ಚ್‌ನಲ್ಲಿ ಡ್ರಾ ಆಗುವ ಸಮ್ಮರ್ ಬಂಪರಿನ ಟಿಕೆಟ್ ಹಣ ಈ ವರ್ಷದ್ದು, ಗೆದ್ದವರು ಟಿಕೆಟ್ ಕೊಡಲು 30 ದಿನ ಇರುವುದರಿಂದ ಬಹುಮಾನ ಏಪ್ರಿಲ್ ದಾಟಿ ಮುಂದಿನ ವರ್ಷದ ಖರ್ಚಾಗುತ್ತದೆ. ಮಾರ್ಚ್ ಕೊನೆಗೆ ದೊಡ್ಡ ಡ್ರಾ ಬಿದ್ದ ವರ್ಷ ಲಾಭ ಉಬ್ಬಿ ಕಾಣುತ್ತದೆ, ಮರುವರ್ಷ ಕುಗ್ಗುತ್ತದೆ. ಇಲಾಖೆಯವರು ಡ್ರಾ ಲೆಕ್ಕದಲ್ಲಿ ಹೇಳುತ್ತಾರೆ, ಅದಕ್ಕೇ ತಾಳೆ ಆಗುವುದಿಲ್ಲ.

ಇನ್ನೆರಡು ಕಾರಣ ನೋಡಿ. ಕಮಿಷನ್ನನ್ನು ಏಜೆಂಟರಿಗೆ ರಿಯಾಯಿತಿಯಾಗಿ ಮೊದಲೇ ಮುರಿದು ಕೊಟ್ಟಿದ್ದಾರೋ, ಪೂರ್ತಿ ಹಣ ಪಡೆದು ಆಮೇಲೆ ಖರ್ಚು ಬರೆದಿದ್ದಾರೋ ಎಂಬುದರ ಮೇಲೆ "ಮಾರಾಟ" ಬದಲಾಗುತ್ತದೆ. ಜಿಎಸ್‌ಟಿ ಸೇರಿಸಿ ಹೇಳಿದ್ದೋ ಬಿಟ್ಟು ಹೇಳಿದ್ದೋ ಎಂಬುದೂ ಅಷ್ಟೇ. ಐದು ವರ್ಷದ ಸರಾಸರಿ ಹಾಕಿದರೆ ಡ್ರಾ ತಾರೀಖಿನ ಏರುಪೇರು ಬಹಳಮಟ್ಟಿಗೆ ಸಮವಾಗುತ್ತದೆ. ಕಮಿಷನ್, ಜಿಎಸ್‌ಟಿ ಗೊಂದಲ ಸರಾಸರಿಯಿಂದ ಹೋಗುವುದಿಲ್ಲ, ಅದನ್ನು ಕೂತು ಬಿಡಿಸಲೇಬೇಕು.

ಒಂದೇ ವರ್ಷದಾಗ ಮಾರಾಟ ಶೇ. 45 ಏರೇತಂತ, ಭಾರಿ ಸಾಧನೆ ಅಲ್ಲ?

ಯಾವ ವರ್ಷಕ್ಕೆ ಹೋಲಿಸಿದ್ದು ಎಂದು ಮೊದಲು ಕೇಳಿ. ಕೋವಿಡ್ ಲಾಕ್‌ಡೌನಿನಲ್ಲಿ ಡ್ರಾಗಳು ನಿಂತಿದ್ದರಿಂದ 2020-21ರಲ್ಲಿ ಕೇರಳದ ಮಾರಾಟ ಸುಮಾರು 4,910 ಕೋಟಿಗೆ ಇಳಿಯಿತು. 2021-22ರಲ್ಲಿ ಸುಮಾರು 7,130 ಕೋಟಿ. ಹಿಂದಿನ ವರ್ಷಕ್ಕೆ ಹೋಲಿಸಿದರೆ ಶೇ. 45 ಏರಿಕೆ, 2019-20ಕ್ಕೆ ಹೋಲಿಸಿದರೆ ಶೇ. 28 ಇಳಿಕೆ. ಎರಡೂ ಸತ್ಯ. ಎರಡನ್ನೂ ಬರೆಯದ ವರದಿಯನ್ನು ನಂಬಬೇಡಿ.

ಟಿಕೆಟ್ ರೇಟ್ 40 ಇದ್ದದ್ದು 50 ಆಯ್ತು. ಮಾರಾಟ ಏರಿದ್ದು ಅದರಿಂದನಾ?

ರೂಪಾಯಿ ಬಿಟ್ಟು ಟಿಕೆಟ್ ಎಣಿಸಿದರೆ ಗೊತ್ತಾಗುತ್ತದೆ. ಊಹೆಯ ಲೆಕ್ಕ: 40 ರೂಪಾಯಿಯ ಒಂದು ಕೋಟಿ ಟಿಕೆಟ್ ಅಂದರೆ 40 ಕೋಟಿ. ಬೆಲೆ 50 ಆದ ಮೇಲೆ 88 ಲಕ್ಷ ಟಿಕೆಟ್ ಹೋದರೂ 44 ಕೋಟಿ. ಹಣದಲ್ಲಿ ಶೇ. 10 ಏರಿಕೆ, ಟಿಕೆಟ್‌ನಲ್ಲಿ ಶೇ. 12 ಇಳಿಕೆ. ಕೊಳ್ಳುವವರು ದೂರ ಸರಿಯುತ್ತಿದ್ದಾರೆ ಎಂಬ ಸುಳಿವು ಟಿಕೆಟ್ ಸಂಖ್ಯೆಯಲ್ಲಿ ಮೊದಲು ಕಾಣುತ್ತದೆ, ಹಣದ ಅಂಕಿಯಲ್ಲಿ ಬಹಳ ತಡವಾಗಿ. ಜೊತೆಗೆ ಬೆಲೆಯೇರಿಕೆಯನ್ನೂ ಕಳೆದು ನೋಡಬೇಕು. ಹತ್ತು ವರ್ಷದ ಹಿಂದಿನ ನೂರು ಕೋಟಿ ಇಂದಿನ ನೂರು ಕೋಟಿಗೆ ಸಮವಲ್ಲ.

ಬಹುಮಾನ ಜಾಸ್ತಿ ಕೊಟ್ರ ಸರ್ಕಾರಕ್ಕ ಲುಕ್ಸಾನ್ ಅಲ್ಲೇನ್ರಿ?

ಒಂದು ಟಿಕೆಟ್ ಲೆಕ್ಕದಲ್ಲಿ ಹೌದು. ಒಟ್ಟು ಲೆಕ್ಕದಲ್ಲಿ ಹೇಳುವುದು ಕಷ್ಟ, ಏಕೆಂದರೆ ಬಹುಮಾನ ಕಡಿಮೆಯಾದರೆ ಟಿಕೆಟ್ ಓಡುವುದಿಲ್ಲ. ಮೊದಲ ಬಹುಮಾನ ಹೊಸಬರನ್ನು ಅಂಗಡಿಗೆ ತರುತ್ತದೆ, ನೂರು-ಐನೂರರ ಸಣ್ಣ ಬಹುಮಾನಗಳು ಹಳಬರನ್ನು ಹಿಡಿದಿಡುತ್ತವೆ; ಗೆದ್ದ ಸಣ್ಣ ಹಣ ಹೆಚ್ಚಿನಂಶ ಅದೇ ಅಂಗಡಿಯಲ್ಲಿ ಮತ್ತೆ ಟಿಕೆಟ್ಟಾಗುತ್ತದೆ. ಆದ್ದರಿಂದ ಬಹುಮಾನದ ಒಟ್ಟು ಶೇಕಡಾವಾರಿನ ಜೊತೆ, ಅದು ದೊಡ್ಡ ಬಹುಮಾನಕ್ಕೆ ಎಷ್ಟು, ಸಣ್ಣದಕ್ಕೆ ಎಷ್ಟು ಹಂಚಿದೆ ಎಂದೂ ಬರೆಯಿರಿ.

ಘೋಷಿಸಿದ ಬಹುಮಾನ ಬೇರೆ, ಕೊಟ್ಟ ಬಹುಮಾನ ಬೇರೆ. ಯಾರೂ ಕೇಳದ ಬಹುಮಾನ ನಿಗದಿತ ಅವಧಿ ಮುಗಿದ ಮೇಲೆ ಸರ್ಕಾರದ ಸ್ವತ್ತು ಎಂದು 1998ರ ಕಾಯ್ದೆಯೇ ಹೇಳಿದೆ. ಜಾಹೀರಾತಿನಲ್ಲಿರುವ ಬಹುಮಾನದ ಶೇಕಡಾವಾರು ಹಿಡಿದು ಲೆಕ್ಕ ಹಾಕಿದರೆ ಸರ್ಕಾರದ ಉಳಿಕೆ ಕಡಿಮೆ ಕಾಣುತ್ತದೆ. ಲೆಕ್ಕಕ್ಕೆ ಕೊಟ್ಟದ್ದನ್ನೇ ಹಿಡಿಯಿರಿ.

ಕಮಿಷನ್ ಖರ್ಚೋ, ಬಡವರಿಗೆ ಉದ್ಯೋಗವೋ?

ಲೆಕ್ಕದಲ್ಲಿ ಖರ್ಚು, ಸಮಾಜದಲ್ಲಿ ಉದ್ಯೋಗ. ಕೇರಳದಲ್ಲಿ ಅಂಗವಿಕಲರು, ವಯಸ್ಸಾದವರು ಟಿಕೆಟ್ ಮಾರಿ ಬದುಕುವುದು ಕಣ್ಣಿಗೆ ಕಾಣುವ ಸಂಗತಿ, ಅದನ್ನು ಹಗುರ ಮಾಡಬಾರದು. ಆದರೆ ಕಮಿಷನ್ ಮೊತ್ತವನ್ನು "ಸರ್ಕಾರದ ಗಳಿಕೆ" ಕಾಲಂನಲ್ಲಿ ತೂರಿಸುವುದೂ ಸರಿಯಲ್ಲ. ಪ್ರತ್ಯೇಕ ಸಾಲು ಕೊಡಿ. ಸಾಧ್ಯವಾದರೆ ಸಗಟು ಏಜೆಂಟರಿಗೆ ಎಷ್ಟು, ಬೀದಿಯಲ್ಲಿ ನಿಂತು ಮಾರುವವರಿಗೆ ಎಷ್ಟು ಎಂದು ಒಡೆದು ತೋರಿಸಿ. ಮಾರಾಟವಾಗದೆ ಉಳಿದ ಟಿಕೆಟ್ಟಿನ ನಷ್ಟ ಯಾರ ತಲೆಗೆ ಎಂಬುದನ್ನೂ ಕೇಳಿ. ಏಜೆಂಟ್ ಮುಂಗಡ ಹಣ ಕಟ್ಟಿ ಟಿಕೆಟ್ ಎತ್ತುವ ಪದ್ಧತಿಯಲ್ಲಿ ಇಲಾಖೆಗೆ ಅದು "ಮಾರಾಟವಾದ ಟಿಕೆಟ್", ಬೀದಿಯಲ್ಲಿ ನಿಂತವನ ಕೈಯಲ್ಲಿ ಅದು ಇನ್ನೂ ಕಾಗದವೇ.

ಜಿಎಸ್‌ಟಿ ಶೇ. 28ರಿಂದ 40ಕ್ಕೆ ಏರಿತಲ್ಲ, ಲಾಟರಿ ಲಾಭ ಬಿದ್ದೇ ಹೋಯ್ತಾ?

ಹಿನ್ನೆಲೆ ಇಷ್ಟು. ಮೊದಲು ರಾಜ್ಯ ತಾನೇ ನಡೆಸುವ ಲಾಟರಿಗೆ ಶೇ. 12, ಬೇರೆ ರಾಜ್ಯಗಳಲ್ಲಿ ಮಾರುವ, ರಾಜ್ಯದ ಅನುಮತಿ ಪಡೆದ ಲಾಟರಿಗೆ ಶೇ. 28 ಇತ್ತು. 2019ರ ಡಿಸೆಂಬರ್‌ನಲ್ಲಿ ಜಿಎಸ್‌ಟಿ ಮಂಡಳಿ ತನ್ನ ಇತಿಹಾಸದಲ್ಲೇ ಮೊದಲ ಬಾರಿಗೆ ಮತಕ್ಕೆ ಹಾಕಿ ಎರಡಕ್ಕೂ ಶೇ. 28 ಮಾಡಿತು, 2020ರ ಮಾರ್ಚ್ 1ರಿಂದ ಜಾರಿ. ತೆರಿಗೆ ಹಾಕುವಾಗ ಬಹುಮಾನದ ಹಣ ಕಳೆಯಬೇಕು ಎಂಬ ವಾದವನ್ನು ಸುಪ್ರೀಂ ಕೋರ್ಟ್ 2020ರ ಡಿಸೆಂಬರ್‌ನಲ್ಲಿ ತಳ್ಳಿಹಾಕಿತು. 2025ರ ಸೆಪ್ಟೆಂಬರ್ 22ರಿಂದ ಶೇ. 40.

ಈಗ ಊಹೆಯ ಲೆಕ್ಕ. 50 ರೂಪಾಯಿಯ ಒಂದು ಕೋಟಿ ಟಿಕೆಟ್, ಮಾರಾಟ 50 ಕೋಟಿ. ಬಹುಮಾನ 25 ಕೋಟಿ, ಕಮಿಷನ್ 8 ಕೋಟಿ, ಆಡಳಿತ ಖರ್ಚು 75 ಲಕ್ಷ. ಇವು ಮೂರೂ ಬದಲಾಗದೆ ಇದ್ದರೆ:

- ಶೇ. 28 ಇದ್ದಾಗ: ಜಿಎಸ್‌ಟಿ 10.94 ಕೋಟಿ. ಇಲಾಖೆಯ ಉಳಿಕೆ 5.31 ಕೋಟಿ, ರಾಜ್ಯ ಜಿಎಸ್‌ಟಿ 5.47 ಕೋಟಿ. ರಾಜ್ಯಕ್ಕೆ ಒಟ್ಟು 10.78, ಕೇಂದ್ರಕ್ಕೆ 5.47 ಕೋಟಿ.
- ಶೇ. 40 ಆದಾಗ: ಜಿಎಸ್‌ಟಿ 14.29 ಕೋಟಿ. ಉಳಿಕೆ 1.96 ಕೋಟಿ, ರಾಜ್ಯ ಜಿಎಸ್‌ಟಿ 7.14 ಕೋಟಿ. ರಾಜ್ಯಕ್ಕೆ ಒಟ್ಟು 9.11 (ಪೈಸೆ ಸರಿಹೊಂದಿಸಿ), ಕೇಂದ್ರಕ್ಕೆ 7.14 ಕೋಟಿ.

ಇಲಾಖೆಯ ಲಾಭ ಮಾತ್ರ ನೋಡಿದವರು "ಶೇ. 63 ಕುಸಿತ" ಎಂದು ಬರೆಯುತ್ತಾರೆ. ರಾಜ್ಯದ ಒಟ್ಟು ಗಳಿಕೆ ಇಳಿದದ್ದು ಶೇ. 15ರ ಆಸುಪಾಸು. ಎರಡೂ ಸಾಲುಗಳಲ್ಲಿ ರಾಜ್ಯ-ಕೇಂದ್ರ ಕೂಡಿಸಿ ನೋಡಿ: 16.25 ಕೋಟಿ, ಒಂದು ಪೈಸೆ ಹೆಚ್ಚಿಲ್ಲ ಕಡಿಮೆಯಿಲ್ಲ. ಅಂದರೆ ಟಿಕೆಟ್ ಬೆಲೆ, ಬಹುಮಾನ, ಕಮಿಷನ್ ಮುಟ್ಟದೆ ದರ ಏರಿಸಿದರೆ ಜನರಿಂದ ಹೊಸ ಹಣ ಬರುವುದಿಲ್ಲ, ರಾಜ್ಯದ ಜೇಬಿನಿಂದ 1.67 ಕೋಟಿ ಕೇಂದ್ರದ ಜೇಬಿಗೆ ಹೋಗುತ್ತದೆ. ಅದನ್ನು ತುಂಬಿಕೊಳ್ಳಲು ರಾಜ್ಯ ಬಹುಮಾನ ಕತ್ತರಿಸಿದರೆ ಭಾರ ಟಿಕೆಟ್ ಕೊಂಡವನ ಮೇಲೆ, ಕಮಿಷನ್ ಕತ್ತರಿಸಿದರೆ ಮಾರುವವನ ಮೇಲೆ.

## ಇನ್ನೂ ಆಳಕ್ಕೆ

ಈಶಾನ್ಯ ರಾಜ್ಯಗಳ ಲಾಟರಿ ಟಿಕೆಟ್ ಕೋಟಿಗಟ್ಟಲೆ ಹೋಗುತ್ತಂತೆ. ಹಾಗಾದ್ರೆ ಆ ರಾಜ್ಯಗಳು ಯಾಕೆ ಶ್ರೀಮಂತ ಆಗಿಲ್ಲ?

ಅಲ್ಲಿ ನಡೆಯುವ ಪದ್ಧತಿಯೇ ಬೇರೆ. ಸಿಕ್ಕಿಂ, ನಾಗಾಲ್ಯಾಂಡ್, ಮಿಜೋರಾಂನಂಥ ರಾಜ್ಯಗಳು ಖಾಸಗಿ ವಿತರಕರ ಮೂಲಕ ಲಾಟರಿ ನಡೆಸುತ್ತವೆ. ಟಿಕೆಟ್ ಮಾರಾಟವಾಗುವುದು ಹೆಚ್ಚಾಗಿ ಹೊರರಾಜ್ಯಗಳಲ್ಲಿ. ವಿತರಕ ಒಪ್ಪಂದದ ಪ್ರಕಾರ ಒಂದು ಕನಿಷ್ಠ ಖಾತರಿ ಮೊತ್ತ ಕಟ್ಟುತ್ತಾನೆ, ಉಳಿದ ವಹಿವಾಟು ಅವನದು. ಮಾರಾಟ ಎರಡು ಪಟ್ಟಾದರೂ ಒಪ್ಪಂದದಲ್ಲಿ ಹೆಚ್ಚಿನ ಪಾಲು ಬರೆದಿಲ್ಲದಿದ್ದರೆ ರಾಜ್ಯಕ್ಕೆ ಬರುವುದು ಅಷ್ಟೇ.

ಟಿಕೆಟ್ ಮಾರಾಟದ ಹಣ ರಾಜ್ಯದ ಸಾರ್ವಜನಿಕ ಲೆಕ್ಕಕ್ಕೆ ಜಮೆಯಾಗಬೇಕು ಎಂಬುದು 1998ರ ಕಾಯ್ದೆಯ ಷರತ್ತು. ಅದು ಪಾಲನೆಯಾಗಿಲ್ಲ ಎಂದು ಸಿಎಜಿ ವರದಿಗಳು ಈ ಭಾಗದ ರಾಜ್ಯಗಳ ಬಗ್ಗೆ ಆಕ್ಷೇಪ ಎತ್ತಿವೆ. ಇಂಥ ಲಾಟರಿಯನ್ನು ಅಳೆಯುವಾಗ ಮೂರು ಕಾಗದ ಬೇಕು: ವಿತರಕನೊಂದಿಗಿನ ಒಪ್ಪಂದ, ಡ್ರಾವಾರು ಮುದ್ರಿಸಿದ ಮತ್ತು ಮಾರಿದ ಟಿಕೆಟ್ ಪಟ್ಟಿ, ಖಜಾನೆಗೆ ಹಣ ಜಮೆಯಾದ ಚಲನ್. ಮೂರನೆಯದು ಸಿಗದೆ ಹೋದರೆ ಮೌಲ್ಯಮಾಪನ ಅಲ್ಲಿಗೇ ನಿಲ್ಲಿಸಿ, ಸಿಗಲಿಲ್ಲ ಎಂದು ಬರೆಯಿರಿ. ಊಹಿಸಿ ತುಂಬಬೇಡಿ.

ಲಾಟರಿ ರೊಕ್ಕ ಆಸ್ಪತ್ರೆಗೆ ಹೋಗ್ತೈತಂತ ಹೇಳ್ತಾರ. ಅದನ್ನ ಹ್ಯಾಂಗ ಪರೀಕ್ಷೆ ಮಾಡೋದು?

ಕೇರಳದ ಕಾರುಣ್ಯ ಲಾಟರಿ 2011ರಲ್ಲಿ ಶುರುವಾದದ್ದೇ ಬಡವರ ಕ್ಯಾನ್ಸರ್, ಹೃದಯ, ಕಿಡ್ನಿ ಚಿಕಿತ್ಸೆಯ ಹೆಸರಿನಲ್ಲಿ. ನಿಧಿಯಿಂದ ನೆರವು ಪಡೆದವರಿದ್ದಾರೆ, ಅದು ನಿಜ. ಹಣಕಾಸಿನ ಪರೀಕ್ಷೆ ಮಾತ್ರ ಬೇರೆ: ಲಾಟರಿ ಹಣ ಬಂದ ಮೇಲೆ ಆರೋಗ್ಯಕ್ಕೆ ಒಟ್ಟು ಖರ್ಚು ಅಷ್ಟೇ ಹೆಚ್ಚಿತೋ, ಅಥವಾ ಮೊದಲು ಬಜೆಟ್‌ನಿಂದ ಕೊಡುತ್ತಿದ್ದುದನ್ನು ಅಷ್ಟು ಕಡಿಮೆ ಮಾಡಿದರೋ? ಲಾಟರಿ ಶುರುವಾಗುವ ಮೊದಲಿನ ಐದು ವರ್ಷ, ನಂತರದ ಐದು ವರ್ಷ, ಒಟ್ಟು ಬಜೆಟ್‌ನಲ್ಲಿ ಆರೋಗ್ಯದ ಪಾಲು ಎಷ್ಟೆಂದು ಪಕ್ಕಪಕ್ಕ ಇಡಿ. ಪಾಲು ಏರದಿದ್ದರೆ "ಆಸ್ಪತ್ರೆಗಾಗಿ" ಎಂಬುದು ಟಿಕೆಟ್ ಮಾರಲು ಬಳಸಿದ ಮಾತಾಗಿ ಉಳಿಯುತ್ತದೆ.

ಬಳ್ಳಾರಿಯವರಿಗೆ ಇದು ಬೇಗ ತಿಳಿಯುತ್ತದೆ. 2015ರ ತಿದ್ದುಪಡಿಯಿಂದ ಬಂದ ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಗಣಿ ಕಂಪನಿಗಳು ಕಟ್ಟುವ ಹಣ ಜಿಲ್ಲೆಯ ಪ್ರತ್ಯೇಕ ನಿಧಿಯಲ್ಲಿರುತ್ತದೆ, ಯಾವ ಕೆಲಸಕ್ಕೆ ಎಷ್ಟು ಎಂದು ಕೇಳಬಹುದು. ರಾಜ್ಯದ ಸಾಮಾನ್ಯ ಬೊಕ್ಕಸಕ್ಕೆ ಬಿದ್ದ ಲಾಟರಿ ಹಣಕ್ಕೆ ಅಂಥ ಗುರುತು ಇರುವುದಿಲ್ಲ.

ಕಲ್ಯಾಣ ಕರ್ನಾಟಕದ ಅಭಿವೃದ್ಧಿಗೆ ಅಂತ ಒಂದು ಲಾಟರಿ ಮಾಡಿದ್ರ ಎಷ್ಟು ಸಿಗಬಹುದ್ರಿ?

ಕೇರಳದ 9,970 ಕೋಟಿಯನ್ನು 2011ರ ಜನಗಣತಿಯ 3.34 ಕೋಟಿ ಜನಕ್ಕೆ ಭಾಗಿಸಿದರೆ ತಲೆಗೆ ವರ್ಷಕ್ಕೆ ಸುಮಾರು 3,000 ರೂಪಾಯಿ. ಹೊರರಾಜ್ಯದಿಂದ ಬಂದು ದುಡಿಯುವವರು, ಗಡಿ ದಾಟಿ ಬಂದು ಕೊಳ್ಳುವವರು ಇದರಲ್ಲಿ ಸೇರಿರುವುದರಿಂದ ನಿಜವಾದ ಅಂಕಿ ಸ್ವಲ್ಪ ಕಡಿಮೆ. ನಮ್ಮಲ್ಲಿ ಅದರ ಮೂರನೇ ಒಂದು, ತಲೆಗೆ 1,000 ರೂಪಾಯಿ ಎಂದು ಊಹಿಸೋಣ. ಅವಿಭಜಿತ ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಸೇರಿ 2011ರಲ್ಲಿ ಸುಮಾರು 57.7 ಲಕ್ಷ ಜನ. ಮಾರಾಟ 577 ಕೋಟಿ.

ಮೇಲಿನ ಶೇ. 40ರ ಊಹೆಯ ಲೆಕ್ಕವನ್ನೇ ಇಲ್ಲಿ ಹಾಕಿದರೆ ಬಹುಮಾನ 288 ಕೋಟಿ, ಅದೂ ಕೆಲವೇ ಮನೆಗಳಿಗೆ. ಕಮಿಷನ್ 92 ಕೋಟಿ, ಕೇಂದ್ರಕ್ಕೆ 82 ಕೋಟಿ, ಆಡಳಿತಕ್ಕೆ 9 ಕೋಟಿ ಹತ್ತಿರ. ರಾಜ್ಯಕ್ಕೆ ಸಿಗುವುದು ಸುಮಾರು 105 ಕೋಟಿ. 105 ಕೋಟಿ ಕೈಗೆ ಬರಲು ಮೂರು ಜಿಲ್ಲೆಯ ಜನರಿಂದ 577 ಕೋಟಿ ಎತ್ತಬೇಕು. ಇದರ ಪಕ್ಕದಲ್ಲಿ ಇನ್ನೊಂದು ಅಂಕಿ ಇಡಿ: ಸಂವಿಧಾನದ 371(ಜೆ) ವಿಧಿಯಡಿಯ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಇತ್ತೀಚಿನ ಬಜೆಟ್‌ಗಳಲ್ಲಿ ಘೋಷಿಸಿದ್ದು ವರ್ಷಕ್ಕೆ 5,000 ಕೋಟಿ. ಇಡೀ ಕೇರಳದ ಲಾಟರಿ 2019-20ರಲ್ಲಿ ಉಳಿಸಿದ್ದೂ ಅದರ ಶೇ. 35ರಷ್ಟು ಮಾತ್ರ. ಘೋಷಿಸಿದ ಹಣ ಹೊತ್ತಿಗೆ ಬಿಡುಗಡೆಯಾಗಿ ಪೂರ್ತಿ ಖರ್ಚಾಗುವಂತೆ ನೋಡಿಕೊಂಡರೆ ಸಿಗುವ ಲಾಭ ಲಾಟರಿಗಿಂತ ಬಹಳ ದೊಡ್ಡದು ಎಂಬುದು ನಮ್ಮ ಖಚಿತ ಅಭಿಪ್ರಾಯ.

ಕಾನೂನಿನ ಒಂದು ತೊಡಕೂ ಇದೆ. ಬೇರೆ ರಾಜ್ಯಗಳ ಲಾಟರಿಯನ್ನು ನಿಷೇಧಿಸುವ ಅಧಿಕಾರವನ್ನು 1998ರ ಲಾಟರಿ ಕಾಯ್ದೆಯ 5ನೇ ಕಲಂ ಕೊಟ್ಟಿದೆ. ಆದರೆ ತಾನೂ ಲಾಟರಿ ನಡೆಸದ ರಾಜ್ಯ ಮಾತ್ರ ಆ ಅಧಿಕಾರ ಬಳಸಬಹುದು ಎಂದು ಸುಪ್ರೀಂ ಕೋರ್ಟ್ 1999ರಲ್ಲಿ ಬಿ.ಆರ್. ಎಂಟರ್‌ಪ್ರೈಸಸ್ ಪ್ರಕರಣದಲ್ಲಿ ಹೇಳಿದೆ. ಕರ್ನಾಟಕ ತನ್ನ ಲಾಟರಿ ತೆರೆದರೆ ಉಳಿದವರಿಗೂ ಬಾಗಿಲು ತೆರೆದಂತೆ. ಆಗ ಮೇಲಿನ ಮಾರಾಟದಲ್ಲಿ ಒಂದು ಪಾಲು ಹೊರಗಿನವರಿಗೆ ಹೋಗುತ್ತದೆ. 105 ಕೋಟಿಯ ಅಂದಾಜಿನಲ್ಲಿ ಅದನ್ನು ಕಳೆದಿಲ್ಲ.

ಲಾಟರಿ ಬಡವರ ಮೇಲಿನ ತೆರಿಗೆ ಅಂತಾರ. ಇದನ್ನ ಅಂಕಿಯಾಗ ತೋರ್ಸಾಕ ಬರ್ತೈತೇನು?

ಬರುತ್ತದೆ, ಎರಡು ಹೆಜ್ಜೆಯಲ್ಲಿ. ಮೊದಲನೆಯದು ತೆರಿಗೆಯ ನಿಜವಾದ ದರ. 50 ಕೋಟಿ ಮಾರಾಟದ ನಮ್ಮ ಹಿಂದಿನ ಉದಾಹರಣೆಯಲ್ಲಿ ಸರ್ಕಾರಗಳು ಒಯ್ಯುವುದು 16.25 ಕೋಟಿ, ಉಳಿದದ್ದು 33.75 ಕೋಟಿ. 16.25 ÷ 33.75 = ಶೇ. 48. ಜಿಎಸ್‌ಟಿ ಶೇ. 40 ಎಂದು ಕಾಣುವ ಕಡೆ ನಿಜವಾದ ಭಾರ ಶೇ. 48, ಏಕೆಂದರೆ ಇಲಾಖೆಯ ಉಳಿಕೆಯೂ ಕೊಂಡವನ ದೃಷ್ಟಿಯಲ್ಲಿ ತೆರಿಗೆಯೇ.

ಎರಡನೆಯದು ಆ ಭಾರ ಯಾರ ಮೇಲೆ ಬೀಳುತ್ತದೆ ಎಂಬುದು. ಮನೆಯ ಆದಾಯದಲ್ಲಿ ಟಿಕೆಟ್ ಖರ್ಚು ಶೇಕಡಾ ಎಷ್ಟು ಎಂದು ಆದಾಯದ ಗುಂಪುವಾರು ತೆಗೆಯಬೇಕು. ದಿನಕ್ಕೆ 400 ರೂಪಾಯಿ ಕೂಲಿ ಪಡೆಯುವವರು ವಾರಕ್ಕೆ ಎರಡು ಟಿಕೆಟ್ ಕೊಂಡರೆ 100 ರೂಪಾಯಿ. ಆರು ದಿನ ಕೆಲಸ ಸಿಕ್ಕ ವಾರದಲ್ಲಿ ಅದು ಶೇ. 4ರ ಹತ್ತಿರ, ಮೂರೇ ದಿನ ಸಿಕ್ಕ ವಾರದಲ್ಲಿ ಶೇ. 8ಕ್ಕೂ ಹೆಚ್ಚು. ತಿಂಗಳಿಗೆ 60,000 ಸಂಬಳದವರಿಗೆ ಅದೇ 100 ರೂಪಾಯಿ ಶೇ. 1 ಕೂಡ ಆಗುವುದಿಲ್ಲ.

ಲಾಟರಿ ನಡೆಯುವ ರಾಜ್ಯದಲ್ಲಿ ಹೋಗಿ ಸಮೀಕ್ಷೆ ಮಾಡುವ ವಿದ್ಯಾರ್ಥಿಗಳಿಗೆ ಕೆಲವು ಮಾತು. "ತಿಂಗಳಿಗೆ ಎಷ್ಟು ಟಿಕೆಟ್ ಕೊಳ್ಳುತ್ತೀರಿ" ಎಂದು ಕೇಳಿದರೆ ಎಲ್ಲರೂ ಕಡಿಮೆ ಹೇಳುತ್ತಾರೆ. "ಈ ವಾರ ಕೊಂಡ ಟಿಕೆಟ್ ತೋರಿಸುತ್ತೀರಾ" ಎಂದು ಕೇಳಿ, ಎಣಿಸಿ. ಗೆದ್ದ ಹಣವನ್ನು ಪ್ರತ್ಯೇಕ ಬರೆದುಕೊಳ್ಳಿ, ಖರ್ಚಿನಿಂದ ನೀವೇ ಕಳೆಯಬೇಡಿ. ಸಮೀಕ್ಷೆಯ ವಾರವೂ ಮುಖ್ಯ. ಸಿಂಧನೂರು, ಗಂಗಾವತಿ ಕಡೆ ಭತ್ತದ ಕೊಯ್ಲಿನಲ್ಲಿ ಕೈಯಲ್ಲಿ ಹಣ ಓಡಾಡುವ ವಾರಕ್ಕೂ ಕಾಲುವೆ ನೀರು ನಿಂತ ವಾರಕ್ಕೂ ಖರ್ಚು ಎಷ್ಟು ಬೇರೆಯೋ, ಲಾಟರಿ ರಾಜ್ಯದ ಕೂಲಿಯವರಿಗೂ ಹಾಗೆಯೇ. ಸುಗ್ಗಿಯಲ್ಲಿ ಒಮ್ಮೆ, ಕೆಲಸವಿಲ್ಲದ ತಿಂಗಳಲ್ಲಿ ಒಮ್ಮೆ, ಅದೇ ಮನೆಗಳಿಗೆ ಹೋಗಿ. ಎರಡನೇ ಸಲ ಟಿಕೆಟ್ ಸಂಖ್ಯೆ ಕೂಲಿಯಷ್ಟೇ ಇಳಿದಿದೆಯೋ ಇಲ್ಲವೋ ನೋಡಿ. ಕೂಲಿ ಅರ್ಧಕ್ಕಿಳಿದರೂ ಟಿಕೆಟ್ ಇಳಿಯದ ಮನೆಗಳು ಎಷ್ಟಿವೆ ಎಂಬುದನ್ನು ವರದಿಯ ಮೊದಲ ಪುಟದಲ್ಲೇ, ಉಳಿಕೆಯ ಅಂಕಿಯ ಪಕ್ಕದಲ್ಲಿ ಬರೆಯಿರಿ.